ಗಾಳಿ ನಿಂತ ಮೇಲಿನ ಕೆಲಸ

(ರಜತ ಮಹೋತ್ಸವದ ಸಭೆಯಲ್ಲಿ ಹಿಂದಿನ ಆಡಳಿತ ಮಂಡಳಿಯ ಸದಸ್ಯರ ಪರವಾಗಿ ಮಾಡಿದ ಭಾಷಣ)



ನಮ್ಮ ಸಂಘ ಹುಟ್ಟಿದ್ದು 1999ರಲ್ಲಿ. ಅದೇ ವರ್ಷ ಅಕ್ಟೋಬರ್ 29ರಂದು ಒಡಿಶಾದ ಕರಾವಳಿಗೆ ಮಹಾ ಚಂಡಮಾರುತ ಬಡಿಯಿತು. ಈ ಸಂತೋಷದ ದಿನ ಇದೆಂಥ ಮಾತು ಅಂತ ನೀವು ಕೇಳಬಹುದು. ಕಾರಣ ಇದೆ. 25 ವರ್ಷದಲ್ಲಿ ನಾವು ಗೊಬ್ಬರ ಕೊಟ್ಟೆವು, ಸಾಲ ಕೊಟ್ಟೆವು, ಅಕ್ಕಿ ಸಕ್ಕರೆ ಹಂಚಿದೆವು. ಆದರೆ ಸಮುದ್ರದ ಮಗ್ಗುಲಲ್ಲೇ ಇದ್ದೂ ಗಾಳಿಯ ಲೆಕ್ಕ ಮಾತ್ರ ಇಟ್ಟಿಲ್ಲ.

ಒಡಿಶಾದಲ್ಲಿ ಅಂದು ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಭಾಗದಲ್ಲಿ ಸಮುದ್ರವೇ ಊರೊಳಗೆ ನುಗ್ಗಿತು. ಸರಕಾರಿ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ 10 ಸಾವಿರ. ದನಕರು ಲಕ್ಷಗಟ್ಟಲೆ. ರಸ್ತೆಯ ಮೇಲೆ ಮರ, ಬಾವಿ ಕೆರೆಯಲ್ಲಿ ಉಪ್ಪುನೀರು, ಗದ್ದೆಯಲ್ಲಿ ಸತ್ತ ಜಾನುವಾರು. ಎಷ್ಟೋ ಹಳ್ಳಿಗಳಿಗೆ ದಿನಗಟ್ಟಲೆ ಹೊರಗಿನ ನೆರವು ಮುಟ್ಟಲೇ ಇಲ್ಲ. ಉಳಿದವರೇ ಉಳಿದವರಿಗೆ ದಿಕ್ಕಾದರು.

ಆ ರಾಜ್ಯ ಪೆಟ್ಟು ತಿಂದು ಕಲಿಯಿತು. ಅದೇ ಡಿಸೆಂಬರಿನಲ್ಲಿ ವಿಪತ್ತಿಗಾಗಿಯೇ ಒಂದು ಪ್ರಾಧಿಕಾರ ರಚನೆಯಾಯಿತು. ಕರಾವಳಿಯಲ್ಲಿ ಗಟ್ಟಿ ಆಶ್ರಯ ಕಟ್ಟಡಗಳು ಎದ್ದವು. ಬೇರೆ ದಿನಗಳಲ್ಲಿ ಎಷ್ಟೋ ಕಡೆ ಅಲ್ಲೇ ಶಾಲೆ ನಡೆಯುತ್ತದೆ. ನೋಡಿಕೊಳ್ಳುವುದು ಊರಿನದೇ ಸಮಿತಿ. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರು. 1999ರಲ್ಲಿ ಸಾವಿರಗಳಲ್ಲಿದ್ದ ಸಾವಿನ ಲೆಕ್ಕ ಆಗ ಹತ್ತುಗಳಿಗೆ ಇಳಿಯಿತು. ಗಾಳಿ ಸಣ್ಣದಾಗಿರಲಿಲ್ಲ, ತಯಾರಿ ದೊಡ್ಡದಾಗಿತ್ತು.

ಇನ್ನು ನಮ್ಮ ಊರಿನ ಮಾತು. 2021ರ ಮೇ 15, 16ರಂದು ತೌಕ್ತೆ ನಮ್ಮ ಕರಾವಳಿಯ ಆಚೆ ಹಾದು ಗುಜರಾತಿಗೆ ಹೋಯಿತು. ನಮಗೆ ತಾಗಿದ್ದು ಅದರ ಸೆರಗು ಮಾತ್ರ. ಅಷ್ಟಕ್ಕೇ ಹಂಚು ಹಾರಿತು, ತೆಂಗು ಅಡಿಕೆ ಮುರಿದವು. ರಸ್ತೆಗೆ ಬಿದ್ದ ಮರ ಕಡಿಯಲು ಇಡೀ ಊರಲ್ಲಿ ಇದ್ದದ್ದು ಒಂದೇ ಯಂತ್ರ, ಅದಕ್ಕೂ ಎಣ್ಣೆ ಇರಲಿಲ್ಲ. ಹುಡುಗರು ಕತ್ತಿ ಕೊಡಲಿ ಹಿಡಿದು ದಾರಿ ಬಿಡಿಸಿದರು. ಅವರಿಗೆ ಇಂದಾದರೂ ಕೃತಜ್ಞತೆ ಹೇಳಬೇಕು.

ಆದರೆ ಒಂದು ತಪ್ಪನ್ನೂ ಈ ವೇದಿಕೆಯಲ್ಲೇ ಒಪ್ಪಿಕೊಳ್ಳಬೇಕು. ಕೆಲವು ತಿಂಗಳ ಮೇಲೆ ಸಾಲ ವಸೂಲಿ ನೋಟೀಸು ಹೊರಟಿತು. ತೋಟ ಮಲಗಿಹೋದ ಒಬ್ಬ ವಿಧವೆ ತಾಯಿಗೂ ಹೋಯಿತು. ಅವರು ಕಾಗದ ಹಿಡಿದು ಸಂಘಕ್ಕೆ ಬಂದು, "ನನ್ನ ಮರ ಬಿದ್ದದ್ದು ನಿಮ್ಗೆ ಗೊತ್ತಿಲ್ವಾ? ಕಡಿಯೂಕೆ ನೀವೇ ಬಂದಿದ್ರಲ್ಲ?" ಅಂತ ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ. ಮರ ಕಡಿದವರೂ ನಾವೇ, ನೋಟೀಸಿಗೆ ಒಪ್ಪಿಗೆ ಕೊಟ್ಟವರೂ ನಾವೇ. ನಷ್ಟವನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿಲ್ಲದ್ದಕ್ಕೆ ಪರಿಹಾರವೂ ಇಲ್ಲ, ಸಾಲದ ಗಡುವೂ ಮುಂದೆ ಹೋಗುವುದಿಲ್ಲ.

ಆದ್ದರಿಂದ ಹೇಳುತ್ತೇವೆ, ಕಸ ತೆಗೆಯುವುದಷ್ಟೇ ಸ್ವಚ್ಛತೆ ಅಲ್ಲ. ಗಾಳಿ ನಿಂತ ಮೇಲೆ ಕೆಲಸಕ್ಕೊಂದು ಕ್ರಮ ಇದೆ.

ಮೊದಲು ದಾರಿ. ತಂತಿ ತುಂಡಾಗಿ ಬಿದ್ದಲ್ಲಿ ಕರೆಂಟು ತೆಗೆದದ್ದು ಖಾತ್ರಿಯಾಗುವ ತನಕ ಯಾರೂ ಹತ್ತಿರ ಹೋಗಬಾರದು.

ಎರಡನೆಯದು ಸತ್ತ ಜಾನುವಾರು. ಬಾವಿ, ಹಳ್ಳದಿಂದ ದೂರ, ಆಳವಾಗಿ ಹೂಳಬೇಕು.

ಮೂರನೆಯದು ಕುಡಿಯುವ ನೀರು. ಬ್ಲೀಚಿಂಗ್ ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಎಷ್ಟು ಪುಡಿ ಎಂಬುದನ್ನು ಆರೋಗ್ಯ ಸಿಬ್ಬಂದಿ ನೀರಿನ ಅಳತೆ ನೋಡಿ ಹೇಳುತ್ತಾರೆ. ಉಪ್ಪುನೀರು ನುಗ್ಗಿದ ಬಾವಿಯನ್ನು ಪಂಪು ಹಚ್ಚಿ ಒಮ್ಮೆಲೇ ಬರಿದು ಮಾಡಬಾರದು. ಗೋಡೆ ಕುಸಿಯಬಹುದು, ಅಡಿಯಿಂದ ಮತ್ತೆ ಉಪ್ಪು ಏರಬಹುದು.

ನಾಲ್ಕನೆಯದು ಗದ್ದೆ. ಏರಿ ಕಟ್ಟಿ ಮಳೆನೀರು ನಿಲ್ಲಿಸಿ, ಹೊರಬಿಟ್ಟು, ಮತ್ತೆ ನಿಲ್ಲಿಸಿದರೆ ಉಪ್ಪು ಇಳಿಯುತ್ತದೆ. ಅಘನಾಶಿನಿ ತೀರದ ಗಜನಿಯಲ್ಲಿ ಕಗ್ಗ ಭತ್ತ ಬೆಳೆದ ನಮ್ಮ ಹಿರಿಯರಿಗೆ ಉಪ್ಪಿನ ಸಂಗಡ ಬಾಳುವುದು ಗೊತ್ತಿತ್ತು. ಆ ಬೀಜ ಕಳೆದುಕೊಳ್ಳಬಾರದು. ಕಾಂಡ್ಲಾ ಗಿಡವನ್ನೂ ಕಡಿಯಬಾರದು. 1999ರಲ್ಲಿ ಒಡಿಶಾದ ಕೇಂದ್ರಪಾಡಾ ಜಿಲ್ಲೆಯಲ್ಲಿ ಅಗಲವಾದ ಕಾಂಡ್ಲಾ ಕಾಡಿನ ಹಿಂದಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾದದ್ದು ಅಧ್ಯಯನದಿಂದ ತಿಳಿದಿದೆ.

ಐದನೆಯದು ಕಾಗದ. ಇದು ಕೊನೆಯದಲ್ಲ, ಮೊದಲ ದಿನವೇ ಸುರುವಾಗಬೇಕು. ಬಿದ್ದ ಮರ, ಮುರಿದ ಮಾಡು ತೆರವು ಮಾಡುವ ಮೊದಲು ಫೋಟೋ ತೆಗೆಯಿರಿ, ಎಣಿಸಿ ಬರೆಯಿರಿ. ಬೆಳೆ ನಷ್ಟ ನೂರಕ್ಕೆ 33 ಅಥವಾ ಹೆಚ್ಚಾದರೆ ಪರಿಹಾರಕ್ಕೆ ಅರ್ಹತೆ. ಬೆಳೆ ಸಾಲವನ್ನು ಮಧ್ಯಮಾವಧಿ ಸಾಲವಾಗಿ ಪರಿವರ್ತಿಸುವ ಕ್ರಮವೂ ಇದೆ. ಎರಡಕ್ಕೂ ಸರಕಾರದ ನಷ್ಟದ ಲೆಕ್ಕವೇ ಆಧಾರ.

ಈ ಹಬ್ಬದ ದಿನ ಆಡಳಿತ ಮಂಡಳಿಗೆ ನಮ್ಮ ವಿನಂತಿ ಮೂರು. ಪ್ರತಿ ವರ್ಷದ ಲಾಭದಲ್ಲಿ ಸ್ವಲ್ಪ ಭಾಗವನ್ನು ಇದಕ್ಕೆಂದೇ ತೆಗೆದಿಡಿ. ಗೋದಾಮಿನ ಒಂದು ಮೂಲೆಯಲ್ಲಿ ಮರ ಕೊಯ್ಯುವ ಯಂತ್ರ, ಹಗ್ಗ, ತಾಡಪಾಲು, ಬ್ಲೀಚಿಂಗ್ ಪುಡಿ ಇರಲಿ; ಮೇ ತಿಂಗಳಿಗೆ ಮೊದಲು ಅದನ್ನೆಲ್ಲ ಪರೀಕ್ಷೆ ಮಾಡಿಡಿ. ಮೂರನೆಯದು, ಗಾಳಿ ಬಂದ ವಾರದಲ್ಲೇ ಪಂಚಾಯತಿಯೂ ಸಂಘವೂ ಒಟ್ಟಿಗೆ ಕೂತು ಒಂದೇ ಪಟ್ಟಿ ಮಾಡಲಿ. ಆ ಪಟ್ಟಿ ನೋಡದೆ ಯಾವ ಸದಸ್ಯರಿಗೂ ನೋಟೀಸು ಹೋಗದಿರಲಿ.

ಆ ತಾಯಿ ಇಂದು ಸಭೆಯಲ್ಲಿ ಕೂತಿದ್ದಾರೆ. ಸಾಲ ಅವರು ತೀರಿಸಿದ್ದಾರೆ. ಅವರ ಪ್ರಶ್ನೆಯ ಬಾಕಿ ನಮ್ಮ ಮೇಲಿದೆ. ಮುಂದಿನ 25 ವರ್ಷದಲ್ಲಿ ಸಂಘ ಅದನ್ನು ತೀರಿಸಲಿ ಎಂದು ಹಾರೈಸುತ್ತೇವೆ.