ಲ್ಯಾಟಿನ್ನಿನಲ್ಲಿ ‘ಓಲ್ಡ್’



ನಮ್ಮ ಮಕ್ಕಳು ಓದುವ ಕಾನ್ವೆಂಟುಗಳಲ್ಲಿ ಎಷ್ಟೋ ಕಡೆ ಅಂಗಿಯ ಬಿಲ್ಲೆಯ ಮೇಲೆ ಲ್ಯಾಟಿನ್ ಮಾತೊಂದು ಇರುವುದುಂಟು. ಆ ಕುತೂಹಲದಿಂದಲೇ ನಾವು ಲ್ಯಾಟಿನ್ ನಿಘಂಟನ್ನು ಹಿಡಿದು ಕುಳಿತುದು. ಬಿ.ಕಾಂ. ಓದಿದ ಬ್ಯಾಂಕಿನ ಗುಮಾಸ್ತರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಯಾವ ಮೊತ್ತ ಯಾವ ಖಾತೆಗೆ ಸೇರಬೇಕೆಂದು ನೋಡುವುದೇ ನಮ್ಮ ಕಸುಬಷ್ಟೆ. ಇದೂ ಅಂಥದೇ ಕೆಲಸ.

ಇಂಗ್ಲಿಷಿನ ‘ಓಲ್ಡ್’ ಎಂಬ ಪುಟ್ಟ ವಿಶೇಷಣವನ್ನು ತೆಗೆದುಕೊಳ್ಳಿ. ಇದಕ್ಕೆ ಲ್ಯಾಟಿನ್ನಿನಲ್ಲಿ ಒಂದೇ ಮಾತು ಸಾಲದು. ಮನುಷ್ಯನಿಗೆ ವಯಸ್ಸಾಗಿದ್ದರೆ ‘ಸೆನೆಕ್ಸ್’. ಬಹುಕಾಲದಿಂದ ನಡೆದುಬಂದುದಕ್ಕೆ ‘ವೆಟುಸ್’. ಹಿಂದಿನ ಕಾಲಕ್ಕೆ ಸೇರಿದುದಕ್ಕೆ ‘ಆಂಟೀಕ್ವುಸ್’. ರೋಮನರ ಬಾಯಲ್ಲಿ ಇದು ಹೊಗಳಿಕೆಯೂ ಆಗುತ್ತಿತ್ತು. ವರ್ಷಗಳು ತುಂಬಿದ ಮರಕ್ಕೆ ‘ಅನ್ನೋಸುಸ್’. ಆದುದರಿಂದ ‘ವೆಟುಸ್ ಅಮೀಕುಸ್’ ಎಂದರೆ ಹಳೆಯ ಗೆಳೆಯ. ಅವನಿಗೆ 20 ವರ್ಷವೇ ಇರಬಹುದು. ‘ಅಮೀಕುಸ್ ಸೆನೆಕ್ಸ್’ ಎಂದರೆ ಮುದುಕನಾದ ಗೆಳೆಯ. ಪರಿಚಯ ನಿನ್ನೆಯದೇ ಇದ್ದೀತು.

ಸೆನೆಟ್ ಎಂಬ ಹಿರಿಯರ ಸಭೆಯ ಹೆಸರೂ ‘ಸೀನಿಯರ್’ ಎಂಬ ಪದವೂ ಈ ಸೆನೆಕ್ಸಿನಿಂದಲೇ ಬಂದುವು. ರೋಮಿನ ಒಂದು ಮತಸಭೆಯಲ್ಲಿ 46 ದಾಟಿದವರು ಸೀನಿಯರ್ ಗುಂಪಿಗೆ ಸೇರುತ್ತಿದ್ದರು. ನಮ್ಮ ಕೌಂಟರಿನಲ್ಲಿ ಠೇವಣಿಗೆ ಆ ಹೆಸರಿನ ಹೆಚ್ಚಿನ ಬಡ್ಡಿ ಬೇಕಾದರೆ 60 ತುಂಬಬೇಕು!

ಇನ್ನೂ ಸೊಗಸಾದುದು ಮುಂದಿದೆ. ಸಿಸೆರೋ ಕ್ರಿ.ಪೂ. 44ರಲ್ಲಿ ಮುಪ್ಪನ್ನು ಕುರಿತು ಬರೆದ ಗ್ರಂಥದಲ್ಲಿ ಮಾತನಾಡುವ ಮುದುಕ ಕಾಟೋ. ಅದೇ ಹೆಸರಿನ ಮರಿಮಗನಿಂದ ಬೇರೆಮಾಡಿ ಗುರುತಿಸಲು ಅವನನ್ನು ‘ಮಾಯೋರ್’, ಅಂದರೆ ದೊಡ್ಡವನು, ಎಂದು ಕರೆದರು. ನಮ್ಮ ದೊಡ್ಡಪ್ಪ ದೊಡ್ಡಮ್ಮಂದಿರಲ್ಲಿ ಇರುವ ‘ದೊಡ್ಡ’ ಇದೇ ಅಲ್ಲವೆ? ‘ಟೆನ್ ಇಯರ್ಸ್ ಓಲ್ಡ್’ ಎಂಬಲ್ಲಂತೂ ಲ್ಯಾಟಿನ್ನಿಗೆ ‘ಓಲ್ಡ್’ ಬೇಕೇ ಇಲ್ಲ. ‘ಡೆಕೆಮ್ ಅನ್ನೋಸ್ ನಾಟುಸ್’ ಎಂದರೆ ಹುಟ್ಟಿ ಹತ್ತು ವರ್ಷವಾದವನು. ಥೇಟು ನಮ್ಮ ಅಜ್ಜಂದಿರ ಲೆಕ್ಕ!

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವುಂಟು. ಈ ಪರಊರಿನಲ್ಲಿ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಆಡುವ ನಮ್ಮ ಕೂಸು ‘ಹಳೇ ಅಜ್ಜಿ’ ಎಂದರೆ ಮನೆಮಂದಿಯೆಲ್ಲ ನಗುತ್ತೇವೆ. ನಗೆಗೆ ನಾಚಿದ ಕೂಸು ಮರುದಿನ ಅಜ್ಜಿಯೊಡನೆ ಇಂಗ್ಲಿಷಿಗೆ ತಿರುಗುತ್ತದೆ, ಅಜ್ಜಿ ಮೂಕಳಾಗುತ್ತಾಳೆ. ನಗುವ ಬದಲು, ಲ್ಯಾಟಿನ್ನಿಗೆ ಅನುವಾದಿಸುವವನು ಕೇಳಿಕೊಳ್ಳುವ ಪ್ರಶ್ನೆಯನ್ನೇ ಕೇಳಬಾರದೇಕೆ: ಯಾವ ಬಗೆಯ ಓಲ್ಡು, ಮಗು? ಅಜ್ಜಿಗೆ ವಯಸ್ಸಾಗಿದೆ, ಅಜ್ಜಿಯ ಪೆಟ್ಟಿಗೆ ಹಳೆಯದು, ಊರಿನ ಗುಡಿ ಪುರಾತನವಾದುದು. ಹಳೆಯ ಅಕ್ಕಿಯ ಅನ್ನವೇಕೆ ಉದುರುದುರಾಗಿ ಬರುತ್ತದೆಂಬುದನ್ನು ಅಜ್ಜಿಯೇ ಹೇಳಲಿ.