ತೊಟ್ಟಿಲ ಕೂಸು, ಅನ್ನಮ್ಮನವರ ಮಡಿಲು
(ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಮಕ್ಕಳು ಮಳೆಯಲ್ಲೇ ಛತ್ರಿ ಹಿಡಿದು, ಬುಟ್ಟಿ ತುಂಬ ಡೇರೆ, ದಾಸವಾಳ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸಿದ್ದಾರೆ. ಘಟ್ಟದ ಕೆಳಗೆ ಈ ಹೊತ್ತಿಗೆ ತೆನೆ ಬಂದಿರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ನಮ್ಮ ಗದ್ದೆಗಳು ಇನ್ನೂ ಹಸಿರು. ಆದರೂ ಹಿರಿಯರು ಘಟ್ಟ ಹತ್ತುವಾಗ ಹೊತ್ತು ತಂದ ಮೊಂತಿ ಹಬ್ಬವನ್ನು ನೀವು ಬಿಟ್ಟಿಲ್ಲ. ಎಲ್ಲಿಂದಲಾದರೂ ನಾಲ್ಕು ತೆನೆ ಹುಡುಕಿ ತರುತ್ತೀರಿ.

ಧರ್ಮಸಭೆ ಸಂತರನ್ನು ಸಾಮಾನ್ಯವಾಗಿ ಅವರು ಮರಣಹೊಂದಿದ ದಿನ ಸ್ಮರಿಸುತ್ತದೆ. ಹುಟ್ಟಿದ ದಿನವನ್ನೂ ಹಬ್ಬವಾಗಿ ಆಚರಿಸುವುದು ಮೂವರದ್ದು ಮಾತ್ರ: ಯೇಸುಸ್ವಾಮಿ, ಸ್ನಾನಿಕ ಯೊವಾನ್ನ ಮತ್ತು ಮರಿಯಮ್ಮ. ಅಂದರೆ ಇಂದು ನಾವು ಗೌರವಿಸುತ್ತಿರುವುದು ಇನ್ನೂ ಮಾತು ಬಾರದ, ಯಾವ ಪುಣ್ಯಕಾರ್ಯವನ್ನೂ ಮಾಡದ ಒಂದು ಹಸುಗೂಸನ್ನು.

ಈ ಕೂಸಿನ ಬಾಲ್ಯದ ಬಗ್ಗೆ ಶುಭಸಂದೇಶಗಳು ಏನನ್ನೂ ಹೇಳುವುದಿಲ್ಲ. ಅನ್ನಮ್ಮ, ಜೋಕಿಮರ ಹೆಸರು ನಮಗೆ ತಿಳಿದಿರುವುದು ಎರಡನೆಯ ಶತಮಾನದ ಒಂದು ಗ್ರಂಥದಿಂದ. ಅದನ್ನು ಯಕೋಬನ ಆದಿ ಶುಭಸಂದೇಶ ಎನ್ನುತ್ತಾರೆ. ಅದು ಬೈಬಲಿಗೆ ಸೇರಿದ್ದಲ್ಲ, ಅದರಲ್ಲಿರುವುದೆಲ್ಲ ಚರಿತ್ರೆಯೂ ಅಲ್ಲ. ಆದರೆ ಅಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಮಗುವನ್ನು ದೇವಾಲಯಕ್ಕೆ ಒಪ್ಪಿಸುವುದಾಗಿ ಹರಕೆಯಾಗಿತ್ತು. ಮಗುವಿಗೆ ಎರಡು ವರ್ಷವಾದಾಗ ಜೋಕಿಮರು ಹರಕೆ ತೀರಿಸೋಣವೇ ಎಂದು ಕೇಳುತ್ತಾರೆ. ಅನ್ನಮ್ಮನವರು, ಮೂರು ತುಂಬಲಿ, ಈಗ ಕಳುಹಿಸಿದರೆ ಕೂಸು ಅಪ್ಪ ಅಮ್ಮನನ್ನು ಹುಡುಕೀತು ಎನ್ನುತ್ತಾರೆ. ಜೋಕಿಮರು ಒಪ್ಪುತ್ತಾರೆ. ಹರಕೆ ದೇವರದ್ದು, ಆದರೂ ಕೂಸಿನ ಮನಸ್ಸಿಗಾಗಿ ಒಂದು ವರ್ಷ ಕಾಯುತ್ತದೆ!

ಈ ಮಾತನ್ನು ವೈದ್ಯಲೋಕ ಅರಿಯಲು ಬಹಳ ಕಾಲ ಬೇಕಾಯಿತು. ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಮಕ್ಕಳನ್ನು ನೋಡಲು ತಾಯಂದಿರನ್ನು ಸರಿಯಾಗಿ ಬಿಡುತ್ತಿರಲಿಲ್ಲ. ತಾಯಿ ಬಂದು ಹೋದರೆ ಮಗು ಅಳುತ್ತದೆ, ಬಾರದಿದ್ದರೆ ಸುಮ್ಮನಿರುತ್ತದೆ ಎಂಬುದು ಅವರ ವಾದ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬುವವರು ಎರಡು ವರ್ಷದ ಹೆಣ್ಣುಮಗುವೊಂದು ಎಂಟು ದಿನ ಆಸ್ಪತ್ರೆಯಲ್ಲಿ ಕಳೆದುದನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿದರು. ಹಲವು ವೈದ್ಯರಿಗೆ ಸಿಟ್ಟೇ ಬಂತು. ರಾಬರ್ಟ್‌ಸನ್ ಮತ್ತು ಮನೋವಿಶ್ಲೇಷಕ ಜಾನ್ ಬೋಲ್ಬಿ ಕಂಡುಕೊಂಡದ್ದು ಇಷ್ಟು: ತಾಯಿಯಿಂದ ಅಗಲಿದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ. ಆಮೇಲೆ ಆಸೆ ಬಿಟ್ಟು ಮಂಕಾಗುತ್ತದೆ. ಕೊನೆಗೆ ಎಲ್ಲರೊಡನೆ ನಗುತ್ತ ಆಡುತ್ತದೆ, ತಾಯಿ ಬಂದರೆ ಮಾತ್ರ ಮುಖ ತಿರುಗಿಸುತ್ತದೆ. ಆ ಮೂರನೆಯ ಹಂತವನ್ನೇ ನಾವು "ಮಗು ಹೊಂದಿಕೊಂಡಿದೆ" ಎನ್ನುವುದು.

ಈ ಮಾತು ನಮ್ಮ ಮನೆಭೇಟಿಗಳಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿದೆ! ತಾಯಿ ಕುವೈತಿನಲ್ಲಿ ನರ್ಸು, ತಂದೆ ದುಬೈಯಲ್ಲಿ, ಕೂಸು ಇಲ್ಲಿ ಅಜ್ಜಿಯ ಬಳಿ. ಸಾಲ ತೀರಬೇಕು, ಮನೆ ಏಳಬೇಕು. ಹಾಗೆ ಹೋದ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಬೋಲ್ಬಿಯವರೂ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಹೆತ್ತವಳಲ್ಲದಿದ್ದರೆ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಲ್ಲುವ ಒಬ್ಬರು ಬೇಕು ಎಂದಿದ್ದರು. ಅಜ್ಜಿಯ ಮಡಿಲು ಅಂಥದ್ದೇ. ತೊಂದರೆ ಆಗುವುದು ಆ ಮಡಿಲೂ ಆರು ತಿಂಗಳಿಗೊಮ್ಮೆ ಬದಲಾದಾಗ: ಇಂದು ಅಜ್ಜಿ, ನಾಳೆ ಚಿಕ್ಕಮ್ಮ, ನಾಡಿದ್ದು ಯಾವುದೋ ಊರಿನ ಹಾಸ್ಟೆಲು.

ಗುರುಮಠದಲ್ಲಿ ನಾವು ಫ್ರಾಯ್ಡ್‌ರನ್ನು ಓದಿದ್ದು ಅವರನ್ನು ಖಂಡಿಸುವುದಕ್ಕೇ ಎನ್ನಬೇಕು. ಅವರು ಧರ್ಮವನ್ನು ಭ್ರಮೆ ಎಂದವರು. ಆದರೆ ಅವರ ಹಾದಿಯಲ್ಲಿ ಬಂದ ಕೆಲವರಿಂದ ಕಲಿಯುವುದು ಬಹಳ ಇದೆ. ನಮ್ಮ ಜಿಲ್ಲೆಗೆ ಈ ವಿಷಯ ಹೊಸದೂ ಅಲ್ಲ. 2016ರಲ್ಲಿ ತೀರಿಕೊಂಡ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ ಅವರು 1988ರಷ್ಟು ಹಿಂದೆಯೇ 'ಕಾಡಿನ ಬೆಂಕಿ' ಚಿತ್ರವನ್ನು ನಿರ್ಮಿಸಿ ಮನೋವಿಶ್ಲೇಷಣೆಯ ವಿಷಯವನ್ನು ಕನ್ನಡದ ತೆರೆಗೆ ತಂದಿದ್ದರು. ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ನಮಗೆ ಹೆಚ್ಚು ಹಿಡಿಸಿದವರು ಡೊನಾಲ್ಡ್ ವಿನ್ನಿಕಾಟ್. ಇವರು ಲಂಡನ್ನಿನ ಮಕ್ಕಳ ವೈದ್ಯರು, ಮನೋವಿಶ್ಲೇಷಕರೂ ಹೌದು. 1943ರಿಂದ ರೇಡಿಯೋದಲ್ಲಿ ತಾಯಂದಿರೊಡನೆ ಸರಳವಾಗಿ ಮಾತಾಡಿದವರು. ಕೂಸು ಎಂಬುದು ಒಂಟಿಯಾಗಿ ಇರುವ ವಸ್ತುವೇ ಅಲ್ಲ, ಕೂಸು ಇದ್ದಲ್ಲಿ ಅದನ್ನು ಎತ್ತಿಕೊಂಡವರೊಬ್ಬರು ಇದ್ದೇ ಇರುತ್ತಾರೆ ಎಂಬುದು ಅವರ ನಿಲುವು. ತಾಯಿ ಪರಿಪೂರ್ಣಳಾಗಬೇಕಿಲ್ಲ, ಸಾಕಷ್ಟು ಒಳ್ಳೆಯವಳಾದರೆ ಸಾಕು ಎಂದೂ ಅವರು ಹೇಳಿದರು. ಕೂಸನ್ನು ಹಿಡಿದುಕೊಳ್ಳುವ ತಾಯಿಯನ್ನು ಹಿಡಿದುಕೊಳ್ಳುವವರೂ ಬೇಕು, ಮುಖ್ಯವಾಗಿ ಗಂಡ ಬೇಕು ಎಂಬುದನ್ನೂ ಅವರು ಸೇರಿಸಿದರು. ತೊಟ್ಟಿಲು ತೂಗಿ ಅಭ್ಯಾಸವಿಲ್ಲದ ನಾವು ಇದನ್ನು ಪುಸ್ತಕದಲ್ಲಿ ಓದಿ ತಿಳಿದೆವು. ನಿಮ್ಮ ಅಜ್ಜಿಯಂದಿರಿಗೆ ಇದು ಓದದೆಯೇ ಗೊತ್ತಿತ್ತು.

ಮಲೆನಾಡಿನ ಬಾಣಂತನ ಎಂದರೇನು? ಚೊಚ್ಚಲ ಹೆರಿಗೆಗೆ ತವರು. ಹಂಡೆಯ ಬಿಸಿನೀರು, ಎಣ್ಣೆ, ಮೆಣಸಿನ ಸಾರು, ಒಲೆಯ ಬೆಚ್ಚನೆಯ ಮೂಲೆ. ಕೂಸನ್ನು ಕಾಲಮೇಲೆ ಹಾಕಿಕೊಂಡು ಮೀಯಿಸುವವರು ಒಬ್ಬರು, ತಾಯಿಗೆ ನೀರೆರೆಯುವವರು ಇನ್ನೊಬ್ಬರು. ಕೂಸನ್ನು ತಾಯಿ, ತಾಯಿಯನ್ನು ಅವಳ ತಾಯಿ ಹಿಡಿದುಕೊಂಡ ವ್ಯವಸ್ಥೆ ಅದು. ಇಂದು ಆಪರೇಷನ್ ಆಗಿ ಮನೆಗೆ ಬಂದವಳಿಗೆ ತವರಿನಲ್ಲಿ ಇರುವುದು ಮಂಡಿನೋವಿನ ಅಮ್ಮ ಒಬ್ಬರೇ. ಮೂರು ತಿಂಗಳಿಗೆ ಗಂಡನ ಮನೆಗೆ ಮರಳಿದರೆ ತೋಟದ ನಡುವೆ ಒಂಟಿ ಮನೆ, ಹೊರಗೆ ಮಳೆ, ಗಂಡ ಅಡಿಕೆ ಕೊಯ್ಲಿಗೆ ಹೋದರೆ ರಾತ್ರಿಯೇ ಬರುವುದು. ರಾತ್ರಿ ಕೂಸು ಅತ್ತರೆ ಕೇಳುವ ಮಾತು ಒಂದೇ: "ನಿನಗೆ ಮಗು ನೋಡಿಕೊಳ್ಳಲು ಬರುವುದಿಲ್ಲವೇ?"

ಇನ್ನು ಮುಚ್ಚಿಡುವ ಸಂಗತಿಯನ್ನು ಹೇಳಲೇಬೇಕು. 2017ರಲ್ಲಿ ಪ್ರಕಟವಾದ, ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ 100 ಬಾಣಂತಿಯರಲ್ಲಿ ಸುಮಾರು 22 ಮಂದಿ ಖಿನ್ನತೆ ಅನುಭವಿಸುತ್ತಾರೆ. ನಿದ್ದೆಯಿಲ್ಲ, ಕಣ್ಣೀರು ನಿಲ್ಲುವುದಿಲ್ಲ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಇನ್ನು ಕೆಲವೇ ಕೆಲವರಲ್ಲಿ, ಸಾವಿರಕ್ಕೆ ಒಬ್ಬಿಬ್ಬರಲ್ಲಿ, ಬುದ್ಧಿಯೇ ಕದಡುತ್ತದೆ. ಹಿರಿಯರು ಇದನ್ನು ಬಾಣಂತಿ ಸನ್ನಿ ಎಂದರು. ನಾವು ಗಾಳಿ ಎನ್ನುತ್ತೇವೆ, ದೃಷ್ಟಿ ಎನ್ನುತ್ತೇವೆ, ಸೊಕ್ಕು ಎಂದೂ ಹೇಳುತ್ತೇವೆ. ಕೂಸನ್ನು ಕಿತ್ತುಕೊಂಡು ತಾಯಿಯನ್ನು ಒಳಕೋಣೆಗೆ ಹಾಕುತ್ತೇವೆ. ಮಂತ್ರಿಸಿದ ನೀರು ಕೇಳಿ ನಮ್ಮ ಬಳಿಗೂ ಬರುತ್ತೀರಿ. ಪ್ರಾರ್ಥನೆ ಖಂಡಿತ ಮಾಡುತ್ತೇವೆ, ಆದರೆ ಆ ದಿನವೇ ವೈದ್ಯರ ಬಳಿಗೆ ಹೊರಡಬೇಕು. ಪ್ರವಾದಿ ಯೆಶಾಯರ ಗ್ರಂಥದ 49ನೇ ಅಧ್ಯಾಯದಲ್ಲಿ ದೇವರು ತಮ್ಮ ಪ್ರೀತಿಯನ್ನು ಹಾಲೂಡುವ ತಾಯಿಯ ಪ್ರೀತಿಯ ಪಕ್ಕದಲ್ಲಿಟ್ಟು ಮಾತಾಡುತ್ತಾರೆ. ತಾಯಿಯೂ ಮರೆಯುವ ಗಳಿಗೆ ಬಂದೀತು ಎಂಬುದನ್ನು ಅಲ್ಲೇ ಒಪ್ಪುತ್ತಾರೆ. ದೇವರೇ ಒಪ್ಪಿದ್ದನ್ನು ಅತ್ತೆ ಮಾವಂದಿರು ಒಪ್ಪಬಾರದೇ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ ಆರಂಭವಾಯಿತು. ತಾಯಿಗೆ ಔಷಧಿ, ಕೂಸಿನ ಮೇಲೆ ನಿಗಾ, ಜೊತೆಗೆ ಕೂಸನ್ನು ಮತ್ತೆ ನೋಡಿ ನಗಲು, ಅದರೊಡನೆ ಮಾತಾಡಲು ತಾಯಿಗೆ ನೆರವು. ಮನೆಯವರೊಬ್ಬರು ಜೊತೆಗಿರುತ್ತಾರೆ. ಈ ಕಾಯಿಲೆ ಗುಣವಾಗುತ್ತದೆ. ಎಲ್ಲರೂ ಬೆಂಗಳೂರಿಗೆ ಹೋಗಬೇಕಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ತಾಯಿ ತನ್ನನ್ನೋ ಕೂಸನ್ನೋ ಮುಗಿಸುವ ಮಾತಾಡಿದರೆ ಮಾತ್ರ ಫೋನು ಹಿಡಿದು ಕೂರಬೇಡಿ. ಅವಳನ್ನು ಒಂಟಿಯಾಗಿ ಬಿಡದೆ, ರಾತ್ರಿಯಾದರೂ ಸರಿ, ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇನ್ನು ಸ್ವಲ್ಪ ಹೊತ್ತಿಗೆ ತೆನೆ ಹಂಚಲಿದ್ದೇವೆ. ಹಸುಗೂಸು ಎತ್ತಿಕೊಂಡು ಬಂದ ತಾಯಂದಿರು ಸಾಲಿನಲ್ಲಿ ನಿಲ್ಲಬೇಡಿ, ಕುಳಿತಲ್ಲೇ ಇರಿ, ತೆನೆ ನಿಮ್ಮ ಬಳಿಗೇ ಬರುತ್ತದೆ. ಹಿಂದಿನ ಬಾಗಿಲ ಬಳಿ ನಿಂತಿರುವ ಅಪ್ಪಂದಿರು ಮುಂದೆ ಬಂದು ಕೂಸನ್ನು ಎತ್ತಿಕೊಳ್ಳಿ.