ಮನೆಯ ದನಿಗೊಂದು ಭದ್ರವಾದ ನೆಲೆ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಕಾಸರಗೋಡಿನ ಮನೆಗಳಲ್ಲಿ ಅಜ್ಜಿಯರು ಹಾಡುವ ಶೋಭಾನೆ, ಹಿರಿಯರು ಹೇಳುವ ತಾಳಮದ್ದಳೆಯ ಅರ್ಥ ಬಹುಮಟ್ಟಿಗೆ ಕಂಠದಲ್ಲಿಯೇ ಉಳಿದಿವೆ. ಆ ಕಂಠವು ನಿಂತ ದಿನ ಅವೂ ನಿಲ್ಲುವುವು. ಆದುದರಿಂದ ಅವನ್ನು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ಮುದ್ರಿಸಿದುದನ್ನು ಎಲ್ಲಿ ಇಡಬೇಕೆಂಬುದೇ ಇಂದಿನ ವಿಚಾರ.

ಕೆಟ್ಟುಹೋದ ಲ್ಯಾಪ್‌ಟಾಪಿನೊಳಗಿನ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿದ್ದರೆ, ಅದನ್ನು ಹೊರಗಿನ ಕೇಸೊಂದರಲ್ಲಿ ಕೂರಿಸಿ ಯು.ಎಸ್.ಬಿ. ತಂತಿಯಿಂದ ಕಂಪ್ಯೂಟರಿಗೆ ಜೋಡಿಸಬಹುದು. ಹೊಸ ಡಿಸ್ಕಿಗೂ ಈ ಕೇಸು ಒಪ್ಪುವುದು. ಆದರೆ ಯಾವ ಕೇಸನ್ನು ಕೊಳ್ಳಬೇಕು?

ಅಂಗಡಿಯಲ್ಲಿ ಮೊದಲು ಕೇಳಿಬರುವುದು ವೇಗದ ಮಾತು. ಲೆಕ್ಕ ಹಾಕಿ ನೋಡೋಣ. ೨೪ ಬಿಟ್, ೪೮ ಕಿಲೋಹರ್ಟ್ಜ್ ಸ್ಟೀರಿಯೋ ಮುದ್ರಣಕ್ಕೆ ಸೆಕೆಂಡಿಗೆ ೨,೮೮,೦೦೦ ಬೈಟ್, ಗಂಟೆಗೆ ಸುಮಾರು ೧ ಗಿಗಾಬೈಟ್ ಸಾಕು. ಹಳೆಯ ಯು.ಎಸ್.ಬಿ. ೨.೦ ಕೂಡ ಇದರ ಹತ್ತಾರು ಪಟ್ಟನ್ನು ಸಾಗಿಸಬಲ್ಲುದು. ಆದಕಾರಣ ವೇಗವೊಂದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ನೋಡತಕ್ಕ ಸಂಗತಿಗಳು ಬೇರೆ. ಮೊದಲನೆಯದು ಸದ್ದು. ೩.೫ ಅಂಗುಲದ ಡಿಸ್ಕಿಗೆ ಪ್ರತ್ಯೇಕ ಅಡಾಪ್ಟರ್ ಬೇಕು. ಅದರ ಕೆಲವು ಕೇಸುಗಳಲ್ಲಿ ಫ್ಯಾನೂ ಉಂಟು. ಅಜ್ಜಿಯ ದನಿಯೊಡನೆ ಫ್ಯಾನಿನ ಸದ್ದನ್ನೂ ಮೈಕು ಹಿಡಿಯುವುದು. ೨.೫ ಅಂಗುಲದ್ದಕ್ಕೆ ಸಾಮಾನ್ಯವಾಗಿ ಇವೆರಡೂ ಬೇಡ. ತಿರುಗುವ ಭಾಗಗಳಿಲ್ಲದ ಎಸ್.ಎಸ್.ಡಿ.ಯಂತೂ ನಿಶ್ಶಬ್ದ.

ಎರಡನೆಯದು ವಿದ್ಯುತ್ತು. ಯು.ಎಸ್.ಬಿ. ೨.೦ ನಿಯಮದಂತೆ ಕೊಡುವುದು ೫೦೦ ಮಿಲಿಆಂಪಿಯರ್, ೩.೦ ಕೊಡುವುದು ೯೦೦. ಡಿಸ್ಕು ತಿರುಗಲಾರಂಭಿಸುವಾಗ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಸಾಲದಾದರೆ ಟಕ್ ಟಕ್ ಎಂದು ಸದ್ದು ಮಾಡಿ ನಿಂತೀತು. ಆದುದರಿಂದ ೩.೦ ಕೇಸನ್ನು ೩.೦ ಪೋರ್ಟಿಗೇ ಜೋಡಿಸುವುದು ಲೇಸು. ಇದು ವೇಗಕ್ಕಾಗಿ ಅಲ್ಲ, ಬಲಕ್ಕಾಗಿ.

ಮೂರನೆಯದು ಶಾಖ. ಅಲ್ಯುಮಿನಿಯಂ ಕೇಸು ಪ್ಲಾಸ್ಟಿಕ್ಕಿಗಿಂತ ಬೇಗ ಶಾಖವನ್ನು ಹೊರಹಾಕುವುದು. ಕೊನೆಯದು ಅಳತೆ. ಲ್ಯಾಪ್‌ಟಾಪಿನ ಡಿಸ್ಕುಗಳು ಹೆಚ್ಚಾಗಿ ೭ ಅಥವಾ ೯.೫ ಮಿಲಿಮೀಟರ್ ದಪ್ಪವಿರುತ್ತವೆ. ಅಳೆದು ನೋಡಿಯೇ ಕೊಳ್ಳತಕ್ಕದ್ದು.

ಆದರೆ ಎಷ್ಟೇ ಒಳ್ಳೆಯ ಕೇಸೂ ಡಿಸ್ಕಿಗೆ ಚಿರಾಯುಸ್ಸನ್ನು ಕೊಡಲಾರದು. ಪ್ರತಿಯೊಂದು ಮುದ್ರಣದ ಇನ್ನೊಂದು ಪ್ರತಿಯು ಬೇರೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ನೆಂಟರ ಮನೆಯಲ್ಲಿ ಇರಲಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಿರಿ. ಹೆಸರಿಲ್ಲದ ದನಿಯು ಮೊಮ್ಮಕ್ಕಳ ಕಾಲಕ್ಕೆ ಯಾರದೋ ದನಿಯಾಗಿಬಿಡುವುದು.

ಮಕ್ಕಳೇ, ಮಾಡಿನ ಮೇಲೆ ಮಳೆಯ ಸದ್ದು ತುಂಬುವುದಕ್ಕೆ ಮೊದಲೇ ಅಜ್ಜಿಯ ಬಳಿ ಕುಳಿತು ಒಂದು ಹಾಡನ್ನು ಕೇಳಿರಿ. ಕೇಸನ್ನು ನಾಳೆ ಕೊಳ್ಳಬಹುದು. ಹಾಡನ್ನು ಇಂದೇ ಕೇಳಬೇಕು.